ಹಾಲುವಾಣದ ಬುಡದಲ್ಲಿ ಚಳಿಗಾಲದ ಹೂ

ನನ್ನ ತಮ್ಮನ ಮಗ ಸೇನೆಯಲ್ಲಿದ್ದಾಗ ಒಂದು ಸಲ ರಜೆಗೆ ಬರುತ್ತಾ ಶಿಮ್ಲಾ ಕಡೆಯಿಂದ ಎರಡು ಗಿಡ ತಂದಿದ್ದ. ಬೇರಿಗೆ ಒದ್ದೆ ಪೇಪರ್ ಸುತ್ತಿ, ಬೂಟಿನ ಡಬ್ಬಿಯಲ್ಲಿಟ್ಟು ಜೋಪಾನವಾಗಿ ತಂದಿದ್ದ. "ಅತ್ತೆ, ಇದು ಹೆಲ್ಲೆಬೋರ್. ನೆರಳಲ್ಲೇ ಬೆಳೆಯುತ್ತೆ, ಚಳಿಯಲ್ಲೇ ಹೂ ಬಿಡುತ್ತೆ. ನಿಮ್ಮ ಮನೆ ಹಿಂದೆ ನೆರಳಿಗೇನು ಕಡಿಮೆ?" ಅಂದ. ನನಗೂ ಆಸೆಯಾಯಿತು. ಮಡಿಕೇರಿ ಚಳಿ ಸಾಲದಾ ಅಂದುಕೊಂಡು ನೆಟ್ಟೆ. ಒಂದು ಗಿಡ ಮೊದಲನೇ ಕಕ್ಕಡದ (ಜುಲೈ-ಆಗಸ್ಟ್ ನಡುವಿನ ತಿಂಗಳು) ಮಳೆಗೇ ಬುಡ ಕೊಳೆತು ಹೋಯಿತು. ಇನ್ನೊಂದು ಎರಡು ವರ್ಷ ಹಸಿರಾಗಿಯೇ ಇತ್ತು, ಒಂದು ಮೊಗ್ಗೂ ಬರಲಿಲ್ಲ. ಆಮೇಲೆ ಅದೂ ಹೋಯಿತು.

ತಪ್ಪು ಗಿಡದ್ದಲ್ಲ. ಅದರ ತವರು ಯುರೋಪಿನ ಬೆಟ್ಟಗಳು. ಅಲ್ಲಿ ಮಣ್ಣು ಹೆಪ್ಪುಗಟ್ಟುವಷ್ಟು ಚಳಿ, ಹಿಮ. ಒಳ್ಳೆ ಚಳಿ ತಿಂದ ಮೇಲೇ ಅದು ಹೂ ಬಿಡುವುದು. ನಮ್ಮಲ್ಲಿ ಜನವರಿ ರಾತ್ರಿ ಎಷ್ಟೇ ಕಂಬಳಿ ಹೊದ್ದರೂ ಆ ಚಳಿ ಬರುವುದಿಲ್ಲ. ಮಳೆ ನೋಡಿದರೆ ಮಡಿಕೇರಿ, ಭಾಗಮಂಡಲ ಕಡೆ ವರ್ಷಕ್ಕೆ 120 ಇಂಚಿಗೂ ಜಾಸ್ತಿ. ಹಾಗಾಗಿ ಕೊಡಗಿನಲ್ಲಿ ಹೆಲ್ಲೆಬೋರ್‌ಗೆ ಅಂತ ದುಡ್ಡು ಹಾಕಬೇಡಿ. ಅಷ್ಟು ಸಾಲದು ಅಂತ ಅದರ ಎಲೆ, ಬೇರು, ಬೀಜ ಎಲ್ಲವೂ ವಿಷ. ದನಕರು, ಮಕ್ಕಳು ಓಡಾಡುವ ಮನೆಗೆ ಆಗಿಬರುವಂಥದ್ದಲ್ಲ.

ಆದರೆ ಆ ಗಿಡ ಸಾಕಲು ಹೋಗಿ ನಾನು ಕಲಿತದ್ದು ಬಹಳ. ಅದರಿಂದಲೇ ಇವತ್ತು ನಮ್ಮ ಮನೆ ಹಿಂದಿನ ನೆರಳಲ್ಲಿ ನವೆಂಬರ್-ಡಿಸೆಂಬರ್‌ನ ಪುತ್ತರಿ ಹಬ್ಬದಿಂದ ಶಿವರಾತ್ರಿವರೆಗೆ ಹೂ ಇರುತ್ತದೆ.

ಮೊದಲು ಮರದ ವಿಷಯ. ಹೆಲ್ಲೆಬೋರ್ ಬೆಳೆಯುವ ಕಡೆ ಹೆಚ್ಚಿನ ಮರಗಳು ಚಳಿಗಾಲದಲ್ಲಿ ಎಲೆ ಉದುರಿಸುತ್ತವೆ. ಬೇಸಿಗೆಯಲ್ಲಿ ತಣ್ಣನೆ ನೆರಳು, ಹೂ ಬಿಡುವ ಹೊತ್ತಿಗೆ ಸರಿಯಾಗಿ ಬರಿದಾದ ಕೊಂಬೆಗಳ ನಡುವೆ ಎಳೆಬಿಸಿಲು. ಇದು ತಿಳಿದ ಮೇಲೆ ನನ್ನ ತಪ್ಪು ಗೊತ್ತಾಯಿತು. ನಾನು ನೆಟ್ಟಿದ್ದು ಹಲಸಿನ ಮರದ ಅಡಿಯಲ್ಲಿ. ಅಲ್ಲಿ ವರ್ಷವಿಡೀ ಕತ್ತಲೆ. ನಮ್ಮ ತೋಟದಲ್ಲಿ ಚಳಿಗೆ ಎಲೆ ಉದುರಿಸುವ ಮರ ಯಾವುದು? ಹಾಲುವಾಣ. ಮಳೆಗಾಲ ಕಳೆದ ಮೇಲೆ ತುಂಬಿಕೊಂಡಿರುತ್ತದೆ, ಚಳಿ ಮುಗಿಯುವಾಗ ಎಲೆಯೆಲ್ಲ ಕಳಚಿ ಕೆಂಪು ಹೂ ಬಿಡುತ್ತದೆ. ಅದರ ದರಗು, ಅಂದರೆ ಉದುರಿದ ಒಣ ಎಲೆ, ಬೇಗ ಕರಗಿ ಗೊಬ್ಬರವೂ ಆಗುತ್ತದೆ. ಸಿಲ್ವರ್ ಓಕ್ ದರಗು ಹಾಗಲ್ಲ, ಎಷ್ಟು ದಿನವಾದರೂ ತಂತಿ ಹಾಗೆ ಬಿದ್ದಿರುತ್ತದೆ. ಹಾಲುವಾಣ ಇಲ್ಲದವರು ಕಾಫಿಗೆ ಬೆಳಕು ಬೀಳಲೆಂದು ಮರಕಸಿ (ನೆರಳು ಮರದ ಕೊಂಬೆ ಕಡಿಯುವುದು) ಮಾಡಿಸುವಾಗ ಮನೆ ಹಿಂದಿನ ಮರದ ಕೆಳಗಿನ ಕೊಂಬೆಗಳನ್ನೂ ತೆಗೆಸಿ. ನೆರಳು ಎಷ್ಟಿರಬೇಕು ಅಂತ ನೋಡಲು ಮಧ್ಯಾಹ್ನ 12 ಗಂಟೆಗೆ ಆ ಜಾಗದಲ್ಲಿ ನಿಂತು ನೆಲದ ಮೇಲೆ ಕೈ ಹಿಡಿಯಿರಿ. ಕೈಯ ನೆರಳು ಮಸುಕಾಗಿಯಾದರೂ ಬೀಳಬೇಕು, ಬೆರಳು ಬೇರೆ ಬೇರೆ ಕಾಣಬೇಕು. ನೆರಳೇ ಬೀಳದಿದ್ದರೆ ಅಲ್ಲಿ ಜರಿಗಿಡ ಮಾತ್ರ ಸರಿ, ಹೂವಿನ ಆಸೆ ಬೇಡ.

ಎರಡನೆಯದು ನೀರು. ನೆರಳಲ್ಲಿ ಗಿಡ ಸತ್ತರೆ ಜನ ಬಿಸಿಲು ಸಾಲಲಿಲ್ಲ ಅನ್ನುತ್ತಾರೆ. ನಾನು ಕಂಡ ಹಾಗೆ ಹತ್ತರಲ್ಲಿ ಎಂಟು ಗಿಡ ಸಾಯುವುದು ಬುಡದಲ್ಲಿ ನಿಂತ ನೀರಿನಿಂದ. ಹೆಂಚಿನ ಸೂರಿನಿಂದ ನೀರು ಧಾರೆಯಾಗಿ ಬೀಳುವ ಜಾಗದಲ್ಲಿ ಏನನ್ನೂ ನೆಡಬೇಡಿ. ಬರೆ, ಅಂದರೆ ಇಳಿಜಾರು, ಇದ್ದರೆ ಬಹಳ ಒಳ್ಳೆಯದು, ನೀರು ತಾನಾಗಿ ಇಳಿದುಹೋಗುತ್ತದೆ. ಸಮತಟ್ಟು ಜಾಗವಾದರೆ ಕಾಡುಕಲ್ಲು ಜೋಡಿಸಿ ಒಂದಡಿ ಎತ್ತರದ ಮಡಿ ಕಟ್ಟಿ. ಮಣ್ಣಿಗೆ ನಾನು ಕಾಫಿ ನರ್ಸರಿಯ ಲೆಕ್ಕವನ್ನೇ ಹಿಡಿಯುತ್ತೇನೆ. ಸಸಿ ಬೆಳೆಸುವ ಪ್ಲಾಸ್ಟಿಕ್ ತೊಟ್ಟೆ ತುಂಬುವಾಗ ಹಾಕುತ್ತೇವಲ್ಲ, 6 ಪಾಲು ಜರಡಿ ಹಿಡಿದ ಕಾಡುಮಣ್ಣು, 2 ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, 1 ಪಾಲು ಮರಳು. ಕೈಯಲ್ಲಿ ಹಿಡಿದು ಹಿಂಡಿದರೆ ಉಂಡೆಯಾಗಬೇಕು, ಬೆರಳಲ್ಲಿ ತಟ್ಟಿದರೆ ಉದುರಬೇಕು. ಉದುರದಿದ್ದರೆ ಇನ್ನೊಂದು ಪಾಲು ಮರಳು.

ಮೂರನೆಯದನ್ನೂ ಹೆಲ್ಲೆಬೋರೇ ಕಲಿಸಿತು. ಅದರ ಚಿಗುರೇಳುವ ತಲೆ ಮಣ್ಣಿನ ಮಟ್ಟದಲ್ಲೇ ಇರಬೇಕಂತೆ, ಹೂತುಹೋಗಬಾರದು. ನಾನು ಎರಡು ಇಂಚು ಆಳಕ್ಕೆ ಒತ್ತಿ ನೆಟ್ಟಿದ್ದೆ. ಈ ಮಾತು ನಮ್ಮ ಬಿಗೋನಿಯಾಕ್ಕೂ ಸರಿ. ಗೆಡ್ಡೆ ತೆವಳುತ್ತಾ ಹೋಗುವ ಜಾತಿಯ ಬಿಗೋನಿಯಾ ಇದೆಯಲ್ಲ, ದೊಡ್ಡ ಎಲೆಯದ್ದು, ಚಳಿ ಮುಗಿಯುವಾಗ ನಸುಗೆಂಪು ಗೊಂಚಲು ಬಿಡುತ್ತದೆ. ಆ ಗೆಡ್ಡೆಯನ್ನು ಮಣ್ಣಿನ ಮೇಲೆ ಮಲಗಿಸಿ, ಕೆಳಗಿನ ಅರ್ಧ ಮಾತ್ರ ಮಣ್ಣಿಗೆ ತಾಗಲಿ. ಬೆನ್ನು ಹೊರಗೆ ಕಾಣಬೇಕು. ಶುಂಠಿ ಹಾಗೆ ಹೂತರೆ ಹದಿನೈದು ದಿನಕ್ಕೆ ಮೆತ್ತಗಾಗಿ ನಾರುತ್ತದೆ.

ಈಗ ಯಾವ ಹೂ ಅಂತ ಹೇಳುತ್ತೇನೆ. ನನಗೆ ಎಲ್ಲಕ್ಕಿಂತ ಪ್ರೀತಿ ಅಜೇಲಿಯಾ. ಕೊಡಗಿನ ಹುಳಿ ಮಣ್ಣು ಅದಕ್ಕೆ ಹೇಳಿ ಮಾಡಿಸಿದ ಹಾಗೆ. ಬೇರು ಕೂದಲಿನಷ್ಟು ಸಣ್ಣ, ಮಣ್ಣಿನ ಮೇಲ್ಪದರದಲ್ಲೇ ಹರಡುತ್ತದೆ. ಹಾಗಾಗಿ ಬುಡದಲ್ಲಿ ಕತ್ತಿ, ಗುದ್ದಲಿ ಆಡಿಸಬೇಡಿ. ಕಳೆಯನ್ನು ಕೈಯಲ್ಲೇ ಕೀಳಿ. ಸುಣ್ಣ ಮಾತ್ರ ಅದರ ಹತ್ತಿರ ಸುಳಿಯಬಾರದು. ಒಂದು ವರ್ಷ ಕಾಫಿಗೆ ಸುಣ್ಣ ಹಾಕಿಸುವಾಗ ಉಳಿದಿದ್ದನ್ನು ನಾನೇ ಅಜೇಲಿಯಾ ಬುಡಕ್ಕೂ ಒಂದೊಂದು ಹಿಡಿ ಎರಚಿದೆ, ಒಳ್ಳೆಯದಾಗಲಿ ಅಂತ. ಎರಡು ತಿಂಗಳಲ್ಲಿ ಹೊಸ ಎಲೆಯೆಲ್ಲ ಹಳದಿ, ನರ ಮಾತ್ರ ಹಸಿರು. ಬಲೆ ಹೆಣೆದ ಹಾಗೆ ಕಾಣುತ್ತಿತ್ತು. ಅದು ಕಬ್ಬಿಣ ಸಿಗದೆ ಬರುವ ಹಳದಿ. ಸುಣ್ಣ ಜಾಸ್ತಿಯಾದರೆ ಮಣ್ಣಲ್ಲಿ ಕಬ್ಬಿಣ ಇದ್ದರೂ ಈ ಬೇರಿಗೆ ಎಳೆದುಕೊಳ್ಳಲು ಆಗುವುದಿಲ್ಲ. ಒಂದು ಲೀಟರ್ ನೀರಿಗೆ 2 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್) ಕರಗಿಸಿ, ಸಂಜೆ ಹೊತ್ತು ಎಲೆಗೆ ಚಿಮುಕಿಸಿದೆ. ಹದಿನೈದು ದಿನಕ್ಕೊಮ್ಮೆ, ಮೂರು ಸಲ. ಮೇಲಿನ ಮಣ್ಣು ಕೆರೆದು ತೆಗೆದು ಹೊಸ ಕಾಡುಮಣ್ಣು ಹಾಕಿದೆ. ಚೇತರಿಸಿಕೊಳ್ಳಲು ಒಂದು ವರ್ಷ ಹಿಡಿಯಿತು. ಸುಣ್ಣದ ಗಾರೆಯ ಹಳೇ ಗೋಡೆಗೆ ಒತ್ತಿಯೂ ನೆಡಬೇಡಿ, ಮಳೆ ನೀರಲ್ಲಿ ಸುಣ್ಣ ಇಳಿಯುತ್ತದೆ. ಅಜೇಲಿಯಾ ಎಲೆಯೂ ದನಕ್ಕೆ, ಆಡಿಗೆ ವಿಷವೇ. ಕರು ಬಿಡುವ ಕಡೆ ಬೇಲಿ ಇರಲಿ.

ಅಜೇಲಿಯಾ ಕತ್ತರಿಸುವ ಕಾಲ ತಪ್ಪಿದರೆ ಒಂದು ವರ್ಷದ ಹೂ ಹೋದ ಹಾಗೆ. ಹೂ ಮುಗಿದ ಕೂಡಲೇ, ಕಾಫಿ ಹೂ ಅರಳಿಸುವ ಮಾರ್ಚ್-ಏಪ್ರಿಲ್‌ನ ಹೂಮಳೆಯ ಹೊತ್ತಿಗೆ, ತುದಿ ಕತ್ತರಿಸಿ. ಆಮೇಲೆ ಬರುವ ಚಿಗುರಿನ ತುದಿಯಲ್ಲೇ ಮುಂದಿನ ಚಳಿಯ ಮೊಗ್ಗು ಕೂರುವುದು. ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬ ಮುಗಿಸಿ ಅಂಗಳ ಚೊಕ್ಕಟ ಮಾಡುವ ಉತ್ಸಾಹದಲ್ಲಿ ಕತ್ತರಿ ಹಿಡಿದಿರೋ, ಮೊಗ್ಗನ್ನೇ ಕತ್ತರಿಸಿದ ಹಾಗೆ.

ನೀಲಿ ಬಣ್ಣ ಬೇಕೆನ್ನುವವರು ಎರಾಂಥಿಮಮ್ ಹಾಕಿ. ಮರದಡಿಯಲ್ಲೂ ಚಳಿಯಲ್ಲಿ ಒಳ್ಳೆ ನೀಲಿ ಹೂ ಬಿಡುತ್ತದೆ, ಕಡ್ಡಿ ನೆಟ್ಟರೆ ಬರುತ್ತದೆ. ಗೋರಟೆ ಹೂವನ್ನಂತೂ ಮರೆಯಬೇಡಿ. ನಮ್ಮ ಅತ್ತೆ ಧನುರ್ಮಾಸದಲ್ಲಿ ಬೆಳಗಿನ ಜಾವ ಮಂಜಿನಲ್ಲೇ ಕಿತ್ತು ತಂದು ದೇವರಿಗೆ ಇಡುತ್ತಿದ್ದರು. ಮಡಿಯ ಅಂಚಿಗೆ, ಸ್ವಲ್ಪ ಬೆಳಕು ಜಾಸ್ತಿ ಇರುವ ಕಡೆ ಇದನ್ನು ಹಾಕಿ.

ಮಳೆಗಾಲದಲ್ಲಿ ಕಾಪಾಡಿಕೊಂಡರೆ ಚಳಿಗಾಲದ ಹೂ ಸಿಕ್ಕಿದ ಹಾಗೆಯೇ. ಮೇ ಕೊನೆಗೆ, ಕರಿಮೆಣಸಿಗೆ ಕೊಳೆರೋಗ ಬಾರದಂತೆ ಹೊಡೆಯಲು ಮಾಡಿದ ಬೋರ್ಡೋ ದ್ರಾವಣದಲ್ಲೇ (ಮೈಲುತುತ್ತ, ಸುಣ್ಣ ಬೆರೆಸಿದ ನೀರು) ಸ್ವಲ್ಪ ಈ ಗಿಡಗಳಿಗೂ ಎಲೆಗೆ ಹೊಡೆಸಿ. ಅಜೇಲಿಯಾ ಬಿಟ್ಟುಬಿಡಿ, ಆ ದ್ರಾವಣದಲ್ಲಿ ಸುಣ್ಣ ಇದೆ. ಬರೀ ಹೂವಿಗೆ ಮಾಡುವುದಾದರೆ ಲೀಟರಿಗೆ 10 ಗ್ರಾಂ ಮೈಲುತುತ್ತ (ತಾಮ್ರದ ಸಲ್ಫೇಟ್), 10 ಗ್ರಾಂ ಸುಣ್ಣ ಸಾಕು. ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಿರಿ. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕು ಅದ್ದಿ ನೋಡಿ. ಕೆಂಪಗೆ ತಾಮ್ರ ಹಿಡಿದರೆ ಇನ್ನೂ ಸುಣ್ಣ ಬೇಕು ಅಂತ ಅರ್ಥ. ಜೂನ್‌ನಿಂದ ಬುಡಕ್ಕೆ ಮುಚ್ಚಿದ ದರಗನ್ನು ಕಾಂಡದಿಂದ ನಾಲ್ಕು ಬೆರಳು ದೂರ ಸರಿಸಿ, ಕಾಂಡಕ್ಕೆ ಗಾಳಿ ಆಡಲಿ. ಬಸವನಹುಳುವಿಗೆ ನಾನು ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಕಾಂಡದ ತುಂಡು ಇಡುತ್ತೇನೆ. ಬೆಳಿಗ್ಗೆ ಚೀಲ ಎತ್ತಿದರೆ ಎಲ್ಲ ಅಲ್ಲೇ ಕೂತಿರುತ್ತವೆ. ಕೈಗೆ ಕವರ್ ಹಾಕಿಕೊಂಡು ಆರಿಸಿ, ಉಪ್ಪುನೀರಿನ ಬಕೆಟ್‌ಗೆ ಹಾಕಿಬಿಡಿ. ಉಪ್ಪನ್ನು ಮಡಿಯ ಮೇಲೆ ಎರಚಬೇಡಿ, ಗಿಡ ಸುಡುತ್ತದೆ.

ಮಳೆ ನಿಂತ ಮೇಲೆ ನೀರಿನ ಚಿಂತೆ ಶುರು. ಡಿಸೆಂಬರ್‌ನಿಂದ ಮನೆಮಂದಿಗೆಲ್ಲ ಕಾಫಿ ಕುಯ್ಲಿನದೇ ಗಡಿಬಿಡಿ. ಆಗಲೇ ಮೊಗ್ಗು ಬಲಿಯುವುದು, ಆಗಲೇ ನಾವು ನೀರು ಮರೆಯುವುದು. ಮಂಜು ಬಿದ್ದು ಎಲೆ ಒದ್ದೆ ಕಂಡರೂ ಬುಡ ಒಣಗಿರುತ್ತದೆ. ಬೆರಳು ಒಂದು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ, ಒಣ ಅನ್ನಿಸಿದರೆ ಬೆಳಿಗ್ಗೆಯೇ ನೀರು ಕೊಡಿ. ಒಮ್ಮೆ ಒಣಗಿದ ಅಜೇಲಿಯಾ ಮೊಗ್ಗು ಕಂದು ಬಣ್ಣಕ್ಕೆ ತಿರುಗಿ ಗಿಡದಲ್ಲೇ ಕೂತುಬಿಡುತ್ತದೆ, ಅರಳುವುದಿಲ್ಲ.

ಪುತ್ತರಿಗೆ ಮನೆ ಸಾರಿಸುವ ವಾರ ನಾನು ಮಡಿಯ ಹತ್ತಿರವೂ ಒಂದು ಗಂಟೆ ಕೂರುತ್ತೇನೆ. ಚುಕ್ಕೆ ಬಿದ್ದ ಹಳೇ ಎಲೆಗಳನ್ನೆಲ್ಲ ಬುಡಕ್ಕೇ ಕತ್ತರಿಸಿ ತೆಗೆದು ಸುಡುತ್ತೇನೆ. ಹೆಲ್ಲೆಬೋರ್‌ಗೂ ಹೂ ಬರುವ ಮುಂಚೆ ಹೀಗೇ ಮಾಡುತ್ತಾರಂತೆ. ರೋಗವೂ ಹೋಗುತ್ತದೆ, ಎಲೆಯಡಿ ಅಡಗಿದ ಹೂವಿನ ದಂಟು ಬೆಳಕಿಗೂ ಬರುತ್ತದೆ. ಕಳೆದ ಪುತ್ತರಿಗೆ ಬಿಗೋನಿಯಾದ ಒಂದು ದೊಡ್ಡ ಒಣಗಿದ ಎಲೆ ಎತ್ತಿದಾಗ ಕೆಳಗೆ ಹಕ್ಕಿಮರಿಯ ಕತ್ತಿನ ಹಾಗೆ ಬಾಗಿದ ಏಳು ದಂಟು, ಪ್ರತಿಯೊಂದರ ತುದಿಯಲ್ಲೂ ರಾಗಿಕಾಳಿನಷ್ಟು ಮೊಗ್ಗು.