ಹಿಂಜ್ ಕೂತ ಗೋಡೆ: ಚಿಕ್ಕ ಲ್ಯಾಪ್‌ಟಾಪ್ ಕೊಳ್ಳುವಾಗ ನಾನು ಗಟ್ಟಿತನವನ್ನು ಅಳೆದ ಬಗೆ

ನನ್ನ ಹಳೆಯ ಲ್ಯಾಪ್‌ಟಾಪ್ ಕೈತಪ್ಪಿ ಬಿದ್ದು ಕೆಡಲಿಲ್ಲ, ಅದರ ಮೇಲೆ ನೀರೂ ಚೆಲ್ಲಿರಲಿಲ್ಲ. ಒಂದು ಬೆಳಿಗ್ಗೆ ಎಂದಿನಂತೆ ಮುಚ್ಚಳ ಎತ್ತಿದಾಗ ಬಲಬದಿಯಲ್ಲಿ ಒಣಕಡ್ಡಿ ಮುರಿದಂಥ ಸದ್ದಾಯಿತು. ನೋಡಿದರೆ ಪರದೆಯ ಬುಡದಲ್ಲಿ ಕವಚ ಬಾಯಿಬಿಟ್ಟು ಒಳಗಿನ ತಂತಿ ಕಾಣುತ್ತಿತ್ತು. ಕೊಂಡು ಮೂರು ವರ್ಷ ತುಂಬಿ ಕೆಲವೇ ವಾರಗಳಾಗಿದ್ದವು. ದುರಸ್ತಿ ಮಾಡುವವರು ತಳದ ಮುಚ್ಚಳ ಬಿಚ್ಚಿ, ಹಿಂಜ್ (ಪರದೆಯನ್ನು ಒಡಲಿಗೆ ಜೋಡಿಸಿ ತಿರುಗಲು ಬಿಡುವ ಕೀಲು) ಹಿಡಿದಿದ್ದ ಸ್ಕ್ರೂ ಒಂದನ್ನು ಚಿಮಟದಲ್ಲಿ ಎತ್ತಿ ನನ್ನ ಅಂಗೈಯಲ್ಲಿಟ್ಟರು. ಅದರ ತುದಿಯಲ್ಲಿ ಮೆಣಸಿನ ಕಾಳಿಗಿಂತ ಚಿಕ್ಕದಾದ ಹಿತ್ತಾಳೆಯ ನಟ್ ಕಚ್ಚಿಕೊಂಡೇ ಇತ್ತು, ನಟ್ಟಿನ ಸುತ್ತ ಕಪ್ಪು ಪ್ಲಾಸ್ಟಿಕ್ಕಿನ ಸಿಪ್ಪೆ ಹತ್ತಿಕೊಂಡಿತ್ತು. “ಹಿಂಜ್‌ಗೆ ಏನೂ ಆಗಿಲ್ಲ ಸಾರ್, ಅದು ಗಟ್ಟಿಯಾಗೇ ಇದೆ. ಅದು ಕೂತಿದ್ದ ಗೋಡೆಯೇ ಕಿತ್ತು ಬಂದಿದೆ” ಎಂದರು.

ಅವರು ಹೇಳಿದ್ದನ್ನು ಮನೆಗೆ ಬಂದು ಯೋಚಿಸಿದಾಗ ಲೆಕ್ಕ ಸರಿಯಾಗಿ ಕೂಡಿ ಬಂತು. ಪರದೆಯನ್ನು ನಾವು ಬಿಟ್ಟ ಕೋನದಲ್ಲಿಯೇ ನಿಲ್ಲಿಸಬೇಕಾದರೆ ಹಿಂಜ್ ಬಿಗಿಯಾಗಿ ತಿರುಗಬೇಕು. ಆ ಬಿಗಿಯನ್ನು ಮೀರಿ ನಾವು ಮುಚ್ಚಳ ಎತ್ತುವಾಗ ಹಾಕುವ ಬಲವೆಲ್ಲ ಹಿಂಜ್‌ನ ಪಟ್ಟಿಯ ಮೂಲಕ ಮೂರು ನಾಲ್ಕು ಸ್ಕ್ರೂಗಳಿಗೂ, ಅಲ್ಲಿಂದ ಪ್ಲಾಸ್ಟಿಕ್ಕಿನಲ್ಲಿ ಬಿಸಿ ಮಾಡಿ ಹುದುಗಿಸಿದ ಹಿತ್ತಾಳೆಯ ನಟ್ಟುಗಳಿಗೂ ಹೋಗುತ್ತದೆ. ನಾನು ದಿನಕ್ಕೆ ಸುಮಾರು 20 ಬಾರಿ ಮುಚ್ಚಳ ತೆರೆದು ಮುಚ್ಚುತ್ತೇನೆ, ಅಂದರೆ ವರ್ಷಕ್ಕೆ 7,300 ಬಾರಿ. ಅದೂ ಒಂದೇ ಕೈಯಿಂದ, ಬಲಮೂಲೆ ಹಿಡಿದು ಎತ್ತುವ ದುರಭ್ಯಾಸದಿಂದ. ಅಂಗಡಿಯಲ್ಲಿ ಆ ಲ್ಯಾಪ್‌ಟಾಪನ್ನು ಮೆಚ್ಚಿದ ದಿನ ಅದರ ಮೇಲ್ಮೈ ತಣ್ಣಗಿರುವುದನ್ನೂ ಅಂಚುಗಳ ಹೊಳಪನ್ನೂ ನೋಡಿದ್ದೆನೇ ಹೊರತು, ಈ 7,300 ಎಳೆತಗಳನ್ನು ಯಾವ ಭಾಗ ಹೊರುತ್ತದೆ ಎಂದು ಕೇಳಿಕೊಂಡಿರಲಿಲ್ಲ. ಹೊರಗಿನ ತಗಡು ಅಲ್ಯೂಮಿನಿಯಂ, ಒಳಗಿನ ಚೌಕಟ್ಟು ಪ್ಲಾಸ್ಟಿಕ್ ಆಗಿತ್ತು.

ಆದ್ದರಿಂದ ಹೊಸದನ್ನು ಹುಡುಕುವಾಗ, ಒಟ್ಟಾರೆ ಗಟ್ಟಿಯೇ ಎಂದು ಕೇಳುವುದನ್ನು ಬಿಟ್ಟು, ನನ್ನ ಕೈಯಲ್ಲಿ ಅದು ದಿನವೂ ಪಡುವ ಪಾಡನ್ನು ಮೊದಲು ಬರೆದುಕೊಂಡೆ. ಮುಚ್ಚಳದ ಎಳೆತ, ಚೀಲದಲ್ಲಿ ಪುಸ್ತಕಗಳ ನಡುವೆ ಸಿಕ್ಕು ಪರದೆಯ ಬೆನ್ನಿಗೆ ಬೀಳುವ ಒತ್ತಡ, ಚಾರ್ಜರ್ ಚುಚ್ಚಿದ್ದಾಗಲೇ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಎಳೆದುಕೊಳ್ಳುವುದರಿಂದ ಪೋರ್ಟಿಗೆ ಆಗುವ ತಿರುಚು, ಒಂದೇ ಮೂಲೆ ಹಿಡಿದು ಎತ್ತುವುದು, ದಿನಕ್ಕೆ ಏಳೆಂಟು ತಾಸಿನ ಟೈಪಿಂಗ್. ನನ್ನ ಕೈಯಿಂದ ಲ್ಯಾಪ್‌ಟಾಪ್ ಬಿದ್ದದ್ದು ಹತ್ತು ವರ್ಷಗಳಲ್ಲಿ ಒಂದೇ ಸಲವಾದ್ದರಿಂದ ಬೀಳುವುದನ್ನು ಪಟ್ಟಿಯ ಕೊನೆಗೆ ಹಾಕಿದೆ. 14 ಇಂಚಿನ ಒಳಗೆ, ಒಂದೂಕಾಲು ಕಿಲೋ ಮೀರದ ತೂಕದಲ್ಲಿ ಮೂರು ಮಾದರಿಗಳು ಉಳಿದವು: ಒಂದು ಪೂರ್ತಿ ಅಲ್ಯೂಮಿನಿಯಮ್ಮಿನದು, ಇನ್ನೊಂದು ಮೆಗ್ನೀಸಿಯಂ ಮಿಶ್ರಲೋಹದ ಚೌಕಟ್ಟಿನ ಮೇಲೆ ಗಾಜಿನ ನಾರು ಬೆರೆಸಿದ ಪ್ಲಾಸ್ಟಿಕ್ ಮುಚ್ಚಳವಿದ್ದದ್ದು, ಮತ್ತೊಂದು ಬಹುತೇಕ ಪ್ಲಾಸ್ಟಿಕ್.

ಲೋಹ ಎಂದರೆ ಗಟ್ಟಿ ಎಂಬ ಭಾವನೆ ಎಷ್ಟು ಬೇರೂರಿದೆಯೆಂದರೆ, ಅದನ್ನು ಬಿಡಲು ನನಗೆ ಕಾಗದದ ಮೇಲೆ ಲೆಕ್ಕ ಹಾಕಬೇಕಾಯಿತು. 2008ರ ಅಕ್ಟೋಬರಿನಲ್ಲಿ ಆಪಲ್ ಸಂಸ್ಥೆ ಒಂದೇ ಅಲ್ಯೂಮಿನಿಯಂ ತುಂಡನ್ನು ಕೊರೆದು ಮ್ಯಾಕ್‌ಬುಕ್‌ನ ಒಡಲು ಮಾಡಲು ಆರಂಭಿಸಿದ ಮೇಲೆ, ಕೈಗೆ ತಣ್ಣಗೆ ತಾಗುವುದೇ ಒಳ್ಳೆಯ ಕಟ್ಟುವಿಕೆಯ ಗುರುತಾಗಿಬಿಟ್ಟಿದೆ. ಆದರೆ ಹಾಳೆಯೊಂದು ಬಾಗದೆ ನಿಲ್ಲುವ ಶಕ್ತಿ ಅದರ ದಪ್ಪದ ಘನಕ್ಕೆ (ದಪ್ಪ × ದಪ್ಪ × ದಪ್ಪ) ಅನುಗುಣವಾಗಿರುತ್ತದೆ: 2 ಮಿಲಿಮೀಟರ್ ಹಾಳೆಯನ್ನು 1.6ಕ್ಕೆ ಇಳಿಸಿದರೆ ದಪ್ಪ ಐದರಲ್ಲಿ ಒಂದು ಭಾಗವಷ್ಟೇ ಕಡಿಮೆಯಾದರೂ ಬಿಗಿತ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ಅಲ್ಯೂಮಿನಿಯಂ ಘನ ಸೆಂಟಿಮೀಟರಿಗೆ 2.7 ಗ್ರಾಂ ತೂಗಿದರೆ ಮೆಗ್ನೀಸಿಯಂ ಮಿಶ್ರಲೋಹ ಸುಮಾರು 1.8 ಗ್ರಾಂ ತೂಗುತ್ತದೆ. ಹಾಗಾಗಿ ಅಷ್ಟೇ ತೂಕದಲ್ಲಿ ಮೆಗ್ನೀಸಿಯಂ ಹಾಳೆಯನ್ನು ಒಂದೂವರೆ ಪಟ್ಟು ದಪ್ಪ ಮಾಡಬಹುದು, ಮತ್ತು ಆ ಲೋಹ ಸ್ವತಃ ಅಲ್ಯೂಮಿನಿಯಮ್ಮಿಗಿಂತ ಹೆಚ್ಚು ಬಳುಕುವಂಥದ್ದಾದರೂ ಈ ದಪ್ಪದಿಂದಾಗಿ ಒಟ್ಟು ಬಿಗಿತ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ತಮಾಷೆಯೆಂದರೆ, ಮೆಗ್ನೀಸಿಯಮ್ಮಿಗೆ ಬಣ್ಣ ಬಳಿದಿರುವುದರಿಂದ ಅದು ಕೈಗೆ ಪ್ಲಾಸ್ಟಿಕ್ಕಿನಂತೆಯೇ ತಾಗುತ್ತದೆ. ಜೊತೆಗೆ ಬಂದಿದ್ದ ಗೆಳೆಯ ಮೂರರಲ್ಲಿ ಅದನ್ನೇ ಅಗ್ಗದ್ದು ಎಂದು ತಳ್ಳಿಹಾಕಿದ. ಅಲ್ಯೂಮಿನಿಯಮ್ಮಿನ ಪರವಾಗಿಯೂ ಒಂದು ಮಾತು ಹೇಳಬೇಕು: ಅದು ಬಿಸಿಯನ್ನು ಬೇಗ ಹರಡುತ್ತದೆ, ಬಿದ್ದರೆ ಸೀಳುವ ಬದಲು ತಗ್ಗು ಬೀಳುತ್ತದೆ. ಆದರೆ ಆ ತಗ್ಗು ಮೂಲೆಯಲ್ಲಿ ಬಿದ್ದರೆ ಗಾಜಿಗೆ ಒತ್ತುತ್ತಲೇ ಉಳಿಯುತ್ತದೆ.

ಅಂಗಡಿಯಲ್ಲಿ ನಾನು ಮಾಡಿದ ಪರೀಕ್ಷೆಗಳು ನೋಡುವವರಿಗೆ ವಿಚಿತ್ರವಾಗಿ ಕಂಡಿರಬೇಕು. ಸಮತಟ್ಟಾದ ಗಾಜಿನ ಮೇಜಿನ ಮೇಲಿಟ್ಟು, ನಾಲ್ಕು ರಬ್ಬರ್ ಪಾದಗಳ ಕೆಳಗೂ ಒಂದು ತುಂಡು ಕಾಗದ ತೂರಿಸಲು ನೋಡಿದೆ. ಅಲ್ಯೂಮಿನಿಯಮ್ಮಿನ ಮಾದರಿಯಲ್ಲಿ ಹಿಂಬದಿಯ ಎಡಪಾದದಡಿ ಕಾಗದ ಸಲೀಸಾಗಿ ಜಾರಿತು, ಅಂದರೆ ಒಡಲು ಕೂದಲೆಳೆಯಷ್ಟು ತಿರುಚಿಕೊಂಡಿತ್ತು. ಅದೇ ಮಾದರಿಯ ಇನ್ನೊಂದನ್ನು ತರಿಸಿ ನೋಡಿದಾಗ ಅದು ಸರಿಯಾಗಿತ್ತು. ಆಮೇಲೆ ಮುಂದಿನ ಒಂದೇ ಮೂಲೆ ಹಿಡಿದು ಎತ್ತಿ, ಇನ್ನೊಂದು ಕೈಯಿಂದ ಟಚ್‌ಪ್ಯಾಡ್ ಒತ್ತಿದೆ. ಪ್ಲಾಸ್ಟಿಕ್ ಮಾದರಿಯಲ್ಲಿ ನಾನು ಒತ್ತುವ ಮೊದಲೇ ಅದು ಟಕ್ ಎಂದಿತು, ಎತ್ತಿದಾಗ ಒಡಲು ಬಾಗಿದ್ದೇ ಅದಕ್ಕೆ ಒತ್ತಿದಂತಾಗಿತ್ತು. ಪರದೆಯ ಮೇಲೆ ಬೂದು ಬಣ್ಣದ ಖಾಲಿ ಚಿತ್ರ ತೆರೆದು ಮುಚ್ಚಳದ ಬೆನ್ನನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಮುಂದೆ ಅಲೆ ಏಳುತ್ತದೆಯೇ ಎಂದು ನೋಡಿದೆ. ಚೀಲದ ಒತ್ತಡ ಬೀಳುವುದು ಅಲ್ಲಿಯೇ ಆದ್ದರಿಂದ ಈ ಒಂದು ಬಾಗನ್ನು ನಾನು ಕ್ಷಮಿಸಲು ಸಿದ್ಧನಿರಲಿಲ್ಲ. ಕೊನೆಗೆ ಮುಚ್ಚಳವನ್ನು ನಡುವಿನಲ್ಲಿ ಹಿಡಿದು ಒಮ್ಮೆ, ಮೂಲೆಯಲ್ಲಿ ಹಿಡಿದು ಒಮ್ಮೆ ಎತ್ತಿ, ಹಿಂಜ್ ಇರುವ ಜಾಗದಲ್ಲಿ ಕವಚದ ಸಂದು ಅಗಲವಾಗುತ್ತದೆಯೇ ಎಂದು ಕಣ್ಣು ಹತ್ತಿರ ಮಾಡಿ ನೋಡಿದೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಆ ಸಂದು ಒಡೆಯುವುದಕ್ಕೆ ತಿಂಗಳುಗಳ ಮೊದಲೇ ಅಗಲವಾಗುತ್ತಿತ್ತು, ನಾನೇ ಗಮನ ಕೊಟ್ಟಿರಲಿಲ್ಲ.

ಕೀಲಿಮಣೆ ನಡುವಿನಲ್ಲಿ ತುಸು ತಗ್ಗುವುದನ್ನು ಹಲವರು ದೊಡ್ಡ ದೋಷವೆಂದು ಹೇಳುತ್ತಾರೆ. ನನಗೆ ಹಾಗನ್ನಿಸಲಿಲ್ಲ. ಬೆರಳು ಹಾಕುವ ಒತ್ತಡಕ್ಕೆ ಕೀಲಿಮಣೆಯ ತಗಡು ಅರ್ಧ ಮಿಲಿಮೀಟರ್ ಬಾಗಿದರೆ ಅದು ಯಾವ ಬೆಸುಗೆಯನ್ನೂ ಎಳೆಯುವುದಿಲ್ಲ. ಕೀಲಿಯ ಇಳಿತ ಎಷ್ಟು, ಅದು ಕೆಟ್ಟರೆ ಕೀಲಿಮಣೆಯೊಂದನ್ನೇ ಬದಲಿಸಬಹುದೇ ಎಂಬುದು ಹೆಚ್ಚು ಮುಖ್ಯ. ತೆಳುವಾಗಬೇಕೆಂಬ ಹಟಕ್ಕೆ ಕೀಲಿಯ ರಚನೆಯನ್ನೇ ಬದಲಿಸಿದರೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ: ಆಪಲ್ 2015ರಲ್ಲಿ ತನ್ನ 12 ಇಂಚಿನ ಮ್ಯಾಕ್‌ಬುಕ್‌ಗೆ ತಂದ ಬಟರ್‌ಫ್ಲೈ ಕೀಲಿಮಣೆಯ ಕೀಲಿಗಳು ಸಿಕ್ಕಿಕೊಳ್ಳುತ್ತಿದ್ದುದರಿಂದ 2018ರಲ್ಲಿ ಉಚಿತ ದುರಸ್ತಿ ಯೋಜನೆ ಪ್ರಕಟಿಸಬೇಕಾಯಿತು, 2019ರ ಕೊನೆಗೆ ಬಂದ 16 ಇಂಚಿನ ಮಾದರಿಯಿಂದ ಕೀಲಿಯಡಿ ಎರಡು ಕಡ್ಡಿಗಳು ಕತ್ತರಿಯಂತೆ ಹೆಣೆದಿರುವ ಹಳೆಯ ರಚನೆಗೆ ಮರಳಬೇಕಾಯಿತು. ಆ ಲ್ಯಾಪ್‌ಟಾಪುಗಳ ಒಡಲು ಒಂದಿಷ್ಟೂ ಬಾಗುತ್ತಿರಲಿಲ್ಲ.

ಮೂರರಲ್ಲಿ ಎರಡು ಮಾದರಿಗಳ ಪೆಟ್ಟಿಗೆಯ ಮೇಲೆ ಮಿಲ್-ಎಸ್‌ಟಿಡಿ-810 ಎಂಬ ಮುದ್ರೆ ಇತ್ತು. ಇದು ಅಮೆರಿಕದ ರಕ್ಷಣಾ ಇಲಾಖೆ ತನ್ನ ಸಲಕರಣೆಗಳನ್ನು ಪರೀಕ್ಷಿಸುವ ವಿಧಾನಗಳ ಸಂಗ್ರಹ. ಅದರ ಎಚ್ ಆವೃತ್ತಿ 2019ರಲ್ಲಿ ಬಂತು. ಮುದ್ರೆ ನೋಡಿದವರಿಗೆ ಸೈನ್ಯವೇ ಒಪ್ಪಿಗೆ ಕೊಟ್ಟಿದೆ ಎನ್ನಿಸುತ್ತದೆ, ನಿಜದಲ್ಲಿ ಯಾವ ಪರೀಕ್ಷೆಗಳನ್ನು ಮಾಡಿಸಬೇಕು, ಎಷ್ಟು ಕಠಿಣವಾಗಿ ಮಾಡಿಸಬೇಕು ಎಂಬುದನ್ನು ತಯಾರಕರೇ ಆರಿಸಿಕೊಳ್ಳುತ್ತಾರೆ. ಬೀಳಿಸುವ ಪರೀಕ್ಷೆಯನ್ನೇ ತೆಗೆದುಕೊಳ್ಳಿ: ಸಣ್ಣ ಸಲಕರಣೆಯನ್ನು 122 ಸೆಂಟಿಮೀಟರ್ ಎತ್ತರದಿಂದ ಮುಖ, ಅಂಚು, ಮೂಲೆಗಳ ಮೇಲೆ ಒಟ್ಟು 26 ಬಾರಿ ಬೀಳಿಸಬೇಕು, ಆದರೆ ಆ 26 ಪೆಟ್ಟುಗಳನ್ನು ಐದು ನಮೂನೆಗಳವರೆಗೆ ಹಂಚಲು ಅವಕಾಶವಿದೆ. ನಾನು ಮುದ್ರೆಯನ್ನು ಬಿಟ್ಟು, ಯಾವ ವಿಧಾನಗಳ ಪ್ರಕಾರ ಪರೀಕ್ಷಿಸಲಾಗಿದೆ ಎಂಬ ಪಟ್ಟಿಯನ್ನು ಹುಡುಕಿದೆ. ಒಬ್ಬ ತಯಾರಕರು ವಿವರವಾಗಿ ಕೊಟ್ಟಿದ್ದರು, ಇನ್ನೊಬ್ಬರ ಬಳಿ ಮುದ್ರೆಯ ಹೊರತು ಏನೂ ಸಿಗಲಿಲ್ಲ. ಎಷ್ಟು ಪರೀಕ್ಷಿಸಿದ್ದರೂ ಮೂರು ವರ್ಷ ಬಲಮೂಲೆ ಹಿಡಿದು ಎತ್ತುವವನ ಕೈಯನ್ನು ಆ ಪಟ್ಟಿಯಲ್ಲಿ ಯಾರೂ ಸೇರಿಸಿರಲಿಲ್ಲ, ಬಿಡಿ.

ನಿಜವಾದ ಉತ್ತರ ಸಿಕ್ಕಿದ್ದು ದುರಸ್ತಿ ಕೈಪಿಡಿಗಳಲ್ಲಿ. ಎರಡು ಮಾದರಿಗಳ ತಯಾರಕರು ಬಿಡಿಭಾಗಗಳನ್ನು ಬಿಚ್ಚುವ ಕ್ರಮವನ್ನು ಚಿತ್ರಸಹಿತ ಪ್ರಕಟಿಸಿದ್ದರು, ನಾನು ಕೊಳ್ಳುವ ಮೊದಲೇ ಅವುಗಳನ್ನು ಒಂದು ಸಂಜೆ ಕೂತು ಪುಟಪುಟವಾಗಿ ಓದಿದೆ. ಹಿಂಜ್‌ನ ಪಟ್ಟಿಯ ಸ್ಕ್ರೂಗಳು ಯಾವುದಕ್ಕೆ ಕೂರುತ್ತವೆ, ಲೋಹದ ಚೌಕಟ್ಟಿಗೋ ಪ್ಲಾಸ್ಟಿಕ್ಕಿಗೋ ಎಂಬುದು ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಮೆಗ್ನೀಸಿಯಂ ಮಾದರಿಯಲ್ಲಿ ಪಟ್ಟಿ ಉದ್ದವಾಗಿದ್ದು ನೇರವಾಗಿ ಚೌಕಟ್ಟಿಗೇ ಕಚ್ಚಿತ್ತು, ಚಾರ್ಜಿಂಗ್ ಪೋರ್ಟ್ ಪ್ರತ್ಯೇಕ ಪುಟ್ಟ ಬೋರ್ಡಿನ ಮೇಲಿತ್ತು. ಅಲ್ಯೂಮಿನಿಯಂ ಮಾದರಿಯಲ್ಲಿ ಹಿಂಜ್ ಚೆನ್ನಾಗಿಯೇ ಕೂತಿದ್ದರೂ ಪೋರ್ಟ್‌ಗಳನ್ನು ಮದರ್‌ಬೋರ್ಡಿಗೇ (ಮುಖ್ಯ ಸರ್ಕ್ಯೂಟ್ ಹಲಗೆಗೇ) ಬೆಸೆಯಲಾಗಿತ್ತು, ಬ್ಯಾಟರಿಯನ್ನು ಅಂಟಿನಿಂದ ಕೂರಿಸಲಾಗಿತ್ತು. ಯುಎಸ್‌ಬಿ-ಸಿ ಪೋರ್ಟನ್ನು (ಈಗಿನ ಚಾರ್ಜರ್ ಚುಚ್ಚುವ ಅಂಡಾಕಾರದ ಕಿಂಡಿ) 10,000 ಬಾರಿ ಚುಚ್ಚಿ ತೆಗೆಯಲು ತಕ್ಕಂತೆ ರೂಪಿಸಲಾಗಿದೆ, ಹಳೆಯ ಆಯತಾಕಾರದ ಯುಎಸ್‌ಬಿಯ ಮಾನದಂಡ 1,500 ಬಾರಿಯದು. ದಿನಕ್ಕೆ ಮೂರು ಸಲ ಚುಚ್ಚಿದರೂ ಒಂಬತ್ತು ವರ್ಷ ಬರಬೇಕು. ಆದರೆ ಆ ಸಂಖ್ಯೆ ನೇರವಾಗಿ ಚುಚ್ಚುವುದಕ್ಕೆ ಸಂಬಂಧಿಸಿದ್ದು. ತೊಡೆಯ ಮೇಲೆ ಎಳೆದುಕೊಂಡಾಗ ತಂತಿ ಪೋರ್ಟನ್ನು ಪಕ್ಕಕ್ಕೆ ತಿರುಚುತ್ತದೆ, ಆ ತಿರುಚು ಬೆಸುಗೆಗೆ ಹೋಗುತ್ತದೆ. ಪುಟ್ಟ ಬೋರ್ಡು ಸಡಿಲವಾದರೆ ಅದೊಂದನ್ನೇ ಬದಲಿಸಬಹುದು, ಮದರ್‌ಬೋರ್ಡಿನ ಬೆಸುಗೆ ಬಿಟ್ಟರೆ ಮಾತು ಬೇರೆ.

ಬ್ಯಾಟರಿಯ ವಿಷಯವನ್ನು ಕಟ್ಟುವಿಕೆಯ ಲೆಕ್ಕಕ್ಕೆ ಸೇರಿಸುವವರು ಕಡಿಮೆ. ಚಿಕ್ಕ ಲ್ಯಾಪ್‌ಟಾಪುಗಳಲ್ಲಿ ಇರುವುದು ತೆಳುಚೀಲದಂಥ ಲಿಥಿಯಂ ಬ್ಯಾಟರಿ. ವಯಸ್ಸಾದಾಗ, ವಿಶೇಷವಾಗಿ ಸದಾ ಪೂರ್ತಿ ಚಾರ್ಜಿನಲ್ಲಿ ಬಿಸಿಯಾಗಿ ಇಟ್ಟಾಗ, ಒಳಗೆ ಅನಿಲ ತುಂಬಿ ಅದು ಉಬ್ಬಬಹುದು, ಉಬ್ಬಿದ ಬ್ಯಾಟರಿ ಮೊದಲು ಎತ್ತುವುದು ಅದರ ಮೇಲಿರುವ ಟಚ್‌ಪ್ಯಾಡನ್ನು. ಸ್ಕ್ರೂ ಹಾಕಿ ಕೂರಿಸಿದ ಬ್ಯಾಟರಿಯನ್ನು ಹತ್ತು ನಿಮಿಷದಲ್ಲಿ ತೆಗೆಯಬಹುದು, ಅಂಟಿಸಿದ್ದನ್ನು ಉಬ್ಬಿದ ಸ್ಥಿತಿಯಲ್ಲಿ ಮೀಟಿ ತೆಗೆಯುವುದು ಅಪಾಯ. ನಾನು ಚಾರ್ಜನ್ನು 80 ಪ್ರತಿಶತಕ್ಕೆ ನಿಲ್ಲಿಸುವ ಆಯ್ಕೆ ಇದೆಯೇ ಎಂದೂ ನೋಡಿಕೊಂಡೆ. ಮುಚ್ಚಿದಾಗ ಪರದೆಗೂ ಕೀಲಿಗಳಿಗೂ ನಡುವಿನ ಸಂದು ಬಹಳ ಕಿರಿದು ಎಂಬುದನ್ನೂ ಮರೆಯಬಾರದು. ಕ್ಯಾಮೆರಾಕ್ಕೆ ಅಂಟಿಸುವ ಮುಚ್ಚಳಿಕೆ 0.1 ಮಿಲಿಮೀಟರಿಗಿಂತ ದಪ್ಪವಿರಬಾರದು ಎಂದು 2020ರಲ್ಲಿ ಆಪಲ್ ತನ್ನ ಬಳಕೆದಾರರಿಗೆ ತಿಳಿಸಿತ್ತು. ನನ್ನ ಹಳೆಯದರಲ್ಲಿ ಅಂಥದ್ದೊಂದು ಇತ್ತು, ಹೊಸದಕ್ಕೆ ಹಾಕಲಿಲ್ಲ.

ಕೊಂಡದ್ದು ಮೆಗ್ನೀಸಿಯಂ ಚೌಕಟ್ಟಿನದನ್ನೇ. ರ‍್ಯಾಮನ್ನು (ಕೆಲಸ ನಡೆಯುವಾಗ ಬಳಕೆಯಾಗುವ ತಾತ್ಕಾಲಿಕ ಮೆಮೊರಿ) ಬೋರ್ಡಿಗೆ ಬೆಸೆದಿದ್ದರಿಂದ, ಆಮೇಲೆ ಹೆಚ್ಚಿಸಲಾಗದೆಂದು, ಮೊದಲೇ ಹೆಚ್ಚಿನದನ್ನು ಆರಿಸಬೇಕಾಯಿತು, ಸ್ಪೀಕರಿನ ದನಿ ಮೂರರಲ್ಲಿ ಅತ್ಯಂತ ಸಪ್ಪೆ, ಕೀಲಿಮಣೆ ನಡುವೆ ತುಸು ತಗ್ಗುತ್ತದೆ. ಇವೆಲ್ಲ ತಿಳಿದೇ ಒಪ್ಪಿಕೊಂಡ ಕೊರತೆಗಳು. ನಾಲ್ಕು ವರ್ಷದಲ್ಲಿ ಹಿಂಜ್ ಸಡಿಲವಾಗಿಲ್ಲ. ಪೋರ್ಟಿನ ಬೋರ್ಡನ್ನು ಒಮ್ಮೆ ಬದಲಿಸಿದ್ದೇನೆ, ಒಂಬತ್ತು ಸ್ಕ್ರೂ ಬಿಚ್ಚಿ, ಅರ್ಧ ತಾಸಿನಲ್ಲಿ.

ನನ್ನ ಅಂದಾಜು ತಪ್ಪಿದ್ದು ನಾನು ಎಣಿಸಿಯೇ ಇರದ ಕಡೆ. ಮುಚ್ಚಳದ ಮೇಲೆ ರಬ್ಬರಿನಂಥ ಮೃದು ಲೇಪವಿತ್ತು, ಅಂಗಡಿಯಲ್ಲಿ ಅದರ ಮೇಲೆ ಕೈಯಾಡಿಸಿ ಚೆನ್ನಾಗಿದೆ ಎಂದುಕೊಂಡಿದ್ದೆ. ಇಂಥ ಪಾಲಿಯುರೆಥೇನ್ ಲೇಪಗಳು ಗಾಳಿಯ ತೇವಕ್ಕೆ ಕಾಲಕ್ರಮೇಣ ಒಡೆದುಕೊಂಡು ಜಿಗುಟಾಗುತ್ತವೆ. ಕಳೆದ ವರ್ಷದ ಕೊನೆಗೆ, ಚೀಲದಿಂದ ಹೊರತೆಗೆದಾಗಲೆಲ್ಲ ಒಳಬಟ್ಟೆಯ ನಾರು ಮುಚ್ಚಳಕ್ಕೆ ಅಂಟಿಕೊಂಡು ಬರತೊಡಗಿತು, ಮೇಲೆ ಇಟ್ಟ ಕಾಗದವನ್ನು ಕೀಳುವಾಗ ಅಚ್ಚಿನ ಅಕ್ಷರಗಳು ಅದರಲ್ಲಿ ಉಳಿದುಬಿಟ್ಟವು. ತಣ್ಣಗಿನ ಲೋಹಕ್ಕೆ ಒಮ್ಮೆ ಮರುಳಾಗಿದ್ದ ಕೈ ಎರಡನೆಯ ಸಲ ಮೃದುವಿಗೆ ಮರುಳಾಗಿತ್ತು. ಬ್ಯಾಟರಿಯ ತಂತಿ ಬಿಡಿಸಿಟ್ಟು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಎರಡು ಸಂಜೆ ಉಜ್ಜಿ ಲೇಪವನ್ನೆಲ್ಲ ತೆಗೆದೆ. ಕೆಳಗೆ ಸಾದಾ ಕಪ್ಪು ಪ್ಲಾಸ್ಟಿಕ್ ಕಾಣಿಸಿತು, ಅದರೊಳಗಿನ ಗಾಜಿನ ನಾರಿನ ಎಳೆಗಳು ಬೆಳಕಿಗೆ ಹಿಡಿದಾಗ ಮಾತ್ರ ಮಿನುಗುತ್ತವೆ. ತಳ ಬಿಚ್ಚಿದ್ದೇ ನೆಪವಾಗಿ ಹಿಂಜ್‌ನ ಆರು ಸ್ಕ್ರೂಗಳನ್ನೂ ಮುಟ್ಟಿ ನೋಡಿದೆ. ಐದು ಅಲುಗಲಿಲ್ಲ, ಬಲಬದಿಯ ಹೊರಗಿನದು ಮಾತ್ರ ಕಾಲು ಸುತ್ತು ತಿರುಗಿ ಬಿಗಿಯಾಯಿತು. ಈಗ ಮುಚ್ಚಳವನ್ನು ನಡುವಿನಲ್ಲಿ ಹಿಡಿದು ಎತ್ತುವುದನ್ನು ರೂಢಿಸಿಕೊಳ್ಳುತ್ತಿದ್ದೇನೆ.