ಫ್ಲಾಪ್‌ ಬೀಳುವ ಮುನ್ನ: ಸಣ್ಣ ಪೋಕರ್ ಟೂರ್ನಮೆಂಟ್‌ನಲ್ಲಿ ಮೊದಲ ಬೆಟ್ ಹೇಗೆ?

ರಮ್ಮಿಯಲ್ಲಿ ಪಳಗಿದವರು ಪೋಕರ್‌ಗೆ ಕೂತರೆ ಒಂದು ಪೇಚಿದೆ. ಕಳಾವರ್ ಏಳು–ಎಂಟು ಬಂದರೆ ಸಾಕು, ಸೀಕ್ವೆನ್ಸ್ ಆಸೆಗೆ ಬಿದ್ದು ಎಲೆ ಬಿಡಲು ಮನಸ್ಸೇ ಬರುವುದಿಲ್ಲ. ಎರಡೂ ಎಲೆ ಒಂದೇ ಕಲರ್ (ಎರಡೂ ಕಳಾವರ್ ಅಥವಾ ಎರಡೂ ಇಸ್ಪೀಟು, ಹೀಗೆ) ಆದರೆ ಗೆಲುವಿನ ಅವಕಾಶ ಹೆಚ್ಚುವುದು ನೂರಕ್ಕೆ ಎರಡು–ಮೂರು, ಅಷ್ಟೇ. ಅದನ್ನು ನಂಬಿ ಅರ್ಧ ಚಿಪ್ಸ್ ಕಳೆದುಕೊಳ್ಳುವವರು ಪ್ರತಿ ಟೇಬಲ್‌ನಲ್ಲೂ ಇರುತ್ತಾರೆ. ಇಲ್ಲಿ ಹೇಳುತ್ತಿರುವುದು ಸ್ನೇಹಿತರು ಸೇರಿ ಆಡುವ, ಹತ್ತು ಜನರ ಒಂದೇ ಟೇಬಲ್‌ನ ಹೋಲ್ಡೆಮ್ ಬಗ್ಗೆ (ಕೈಗೆ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿ ಐದು; ಆ ಐದರಲ್ಲಿ ಮೊದಲು ಬೀಳುವ ಮೂರೇ ಫ್ಲಾಪ್). ಹಣ ಕಟ್ಟಿ ಆನ್‌ಲೈನ್‌ನಲ್ಲಿ ಆಡಿಸುವುದನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಆ ಗೊಡವೆ ಬೇಡ.

ಮೊದಲು, ಎಲೆ ಎತ್ತುವುದಕ್ಕೂ ಮುಂಚೆ ಚಿಪ್ಸ್ ಎಣಿಸಿ, ಬಿಗ್ ಬ್ಲೈಂಡ್‌ನಿಂದ ಭಾಗಿಸಿ (ಎಲೆ ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ಕಟ್ಟುವ ಮೊತ್ತಗಳಲ್ಲಿ ದೊಡ್ಡದು ಬಿಗ್ ಬ್ಲೈಂಡ್, ಸಣ್ಣದು ಸ್ಮಾಲ್ ಬ್ಲೈಂಡ್). 25ಕ್ಕಿಂತ ಹೆಚ್ಚಿದ್ದರೆ ಆರಾಮ. 10ಕ್ಕಿಂತ ಇಳಿದರೆ ಆಟವೇ ಬೇರೆ.

ಎರಡನೆಯದು ಜಾಗ. ಮೊದಲು ಮಾತಾಡಬೇಕಾದವರು ಬಿಗಿಯಾಗಿ (ಒಳ್ಳೆ ಎಲೆಗೆ ಮಾತ್ರ), ಡೀಲರ್ ಬಟನ್ (ಪ್ರತಿ ಆಟಕ್ಕೂ ಪಕ್ಕದವರಿಗೆ ಸರಿಯುವ ಬಿಲ್ಲೆ; ಫ್ಲಾಪ್ ಆದಮೇಲೆ ಇದು ಇರುವವರೇ ಕೊನೆಗೆ ಆಡುವುದು) ಇರುವವರು ಸಡಿಲವಾಗಿ ಆಡಬೇಕು.

ಮೂರನೆಯದು ಮೊತ್ತ. ನಿಮಗಿಂತ ಮೊದಲು ಯಾರೂ ಬಂದಿಲ್ಲದಿದ್ದರೆ ಬ್ಲೈಂಡ್‌ನಷ್ಟೇ ಇಟ್ಟು ಒಳಗೆ ನುಸುಳಬೇಡಿ. ಬಂದರೆ ರೇಸ್ (ಬೆಟ್ ಏರಿಸುವುದು), ಇಲ್ಲವೇ ಫೋಲ್ಡ್ (ಎಲೆ ಬಿಡುವುದು). ಬಿಗ್ ಬ್ಲೈಂಡ್‌ನ ಎರಡೂವರೆ ಪಟ್ಟು ಸಾಕು. ಎಕ್ಕದ ಜೋಡಿಗೂ ಅಷ್ಟೇ, ಆರರ ಜೋಡಿಗೂ ಅಷ್ಟೇ. ಒಳ್ಳೆ ಎಲೆಗೆ ದೊಡ್ಡ ಬೆಟ್, ಸುಮಾರಾದ ಎಲೆಗೆ ಸಣ್ಣದು ಎಂದು ಆಡಿದರೆ ಎದುರಿನವರಿಗೆ ಎಲೆ ತೋರಿಸಿದ ಹಾಗೆಯೇ.

ಜನ ಎಡವುವುದು ನಾಲ್ಕನೆಯದರಲ್ಲಿ. ಬ್ಲೈಂಡ್ 150/300ಕ್ಕೆ ಏರಿದೆ, ನಿಮ್ಮ ಹತ್ತಿರ 2,400 ಇದೆ, ಅಂದರೆ ಎಂಟೇ ಬ್ಲೈಂಡ್. ಬಟನ್ ನಿಮ್ಮದು, ಎಲ್ಲರೂ ಫೋಲ್ಡ್ ಮಾಡಿ ಆಟ ನಿಮ್ಮವರೆಗೆ ಬಂದಿದೆ. ಕೈಯಲ್ಲಿ ಇಸ್ಪೀಟು ರಾಜ, ಇಸ್ಪೀಟು ಒಂಬತ್ತು. ಹೆಚ್ಚಿನವರು 'ಸ್ವಲ್ಪ ಹುಷಾರಾಗಿರೋಣ' ಎಂದು 900 ಇಡುತ್ತಾರೆ. ಬಿಗ್ ಬ್ಲೈಂಡ್‌ನವನು ಆಲ್‌ಇನ್ (ಇದ್ದ ಚಿಪ್ಸ್ ಪೂರ್ತಿ) ಅನ್ನುತ್ತಾನೆ, ಇವರು ಬೆವರೊರೆಸಿಕೊಂಡು ಎಲೆ ಬಿಸಾಡುತ್ತಾರೆ. ಲೆಕ್ಕ ನೋಡಿ: ನಿಮ್ಮ 900, ಸ್ಮಾಲ್ ಬ್ಲೈಂಡ್‌ನ 150, ನಿಮ್ಮ ಮಟ್ಟಕ್ಕೆ ಅವನದು 2,400, ಮಧ್ಯದಲ್ಲಿ 3,450 ಇದೆ. ನೀವು ಹಾಕಬೇಕಾದ್ದು 1,500. ನೂರಕ್ಕೆ ಮೂವತ್ತು ಸಲ ಗೆದ್ದರೂ ಹೆಚ್ಚುಕಮ್ಮಿ ಅಸಲು ಹುಟ್ಟುತ್ತದೆ. ಅವನಲ್ಲಿ ಎಕ್ಕ–ರಾಣಿ ಇದ್ದರೂ ರಾಜ–ಒಂಬತ್ತಕ್ಕೆ ಅದಕ್ಕಿಂತ ಹೆಚ್ಚು ಅವಕಾಶವಿದೆ. ಅಂದಮೇಲೆ 900 ಇಟ್ಟ ಕ್ಷಣವೇ ನೀವು ವಾಪಸ್ ಬರುವ ದಾರಿ ಮುಚ್ಚಿಕೊಂಡಿರಿ. ಹಾಗಿದ್ದರೆ 2,400ನ್ನೂ ನೀವೇ ಮೊದಲು ತಳ್ಳಿ! ಇಬ್ಬರೂ ಹೆದರಿ ಬಿಟ್ಟರೆ 450 ಪುಕ್ಕಟೆ ಬಂತು; ನಿಮ್ಮ ಗುಡ್ಡೆ ಸುಮಾರು ಐದನೇ ಒಂದು ಭಾಗ ಬೆಳೆಯಿತು. ಇದೇ ಎಲೆ ಮೊದಲ ಸೀಟಿನಲ್ಲಿ ಬಂದಿದ್ದರೆ ಮಾತಿಲ್ಲದೆ ಫೋಲ್ಡ್, ಏಕೆಂದರೆ ಹಿಂದೆ ಇನ್ನೂ ಅಷ್ಟೂ ಜನ ಕೂತಿದ್ದಾರೆ.

ಯಾವ ಎಲೆಗೆ ಏನು ಮಾಡಬೇಕೆಂದು ತೋರಿಸುವ, ನೆಟ್‌ನಲ್ಲಿ ಸಿಗುವ ಬಣ್ಣಬಣ್ಣದ ಚಾರ್ಟ್ ಪ್ರಿಂಟ್ ತೆಗೆದುಕೊಂಡು ಬರುವವರಿದ್ದಾರೆ. ಅವುಗಳಲ್ಲಿ ಬಹಳಷ್ಟು ನೂರು ಬ್ಲೈಂಡ್ ಇಟ್ಟುಕೊಂಡು ಆಡುವ ಕ್ಯಾಶ್ ಗೇಮ್‌ಗೆ (ಟೂರ್ನಮೆಂಟ್ ಅಲ್ಲದೆ ನೇರ ಹಣಕ್ಕೆ ಆಡುವ ಆಟಕ್ಕೆ) ಮಾಡಿದ್ದು. ಎಂಟು ಬ್ಲೈಂಡ್ ಇರುವವರಿಗೆ ಅದರಿಂದ ಕಾಸಿನ ಉಪಯೋಗವಿಲ್ಲ.

ಐದನೆಯದು: ಬೇರೆಯವನು ತಳ್ಳಿದಾಗ ಅದೇ ಧೈರ್ಯ ತೋರಬೇಡಿ. ತಳ್ಳಿದವನಿಗೆ ಗೆಲ್ಲಲು ಎರಡು ದಾರಿ (ಎದುರಿನವರು ಹೆದರಿ ಬಿಡಬೇಕು, ಇಲ್ಲವೇ ಅವನ ಎಲೆಯೇ ದೊಡ್ಡದಾಗಬೇಕು), ಕಾಲ್ ಮಾಡಿದವನಿಗೆ, ಅಂದರೆ ಅಷ್ಟೇ ಚಿಪ್ಸ್ ಇಟ್ಟವನಿಗೆ, ಎರಡನೆಯದೊಂದೇ. ಎಕ್ಕ–ರಾಜ ಇದ್ದರೂ ರಾಣಿ ಜೋಡಿಯ ಎದುರು ಗೆಲುವು ನೂರಕ್ಕೆ 45ರ ಆಸುಪಾಸು. ಬಹುಮಾನ ಮೂವರಿಗಿದ್ದು ನಾಲ್ವರು ಉಳಿದಾಗಲಂತೂ ಇನ್ನೂ ಬಿಗಿ. ಮೂಲೆಯಲ್ಲೊಬ್ಬ ಒಂದೂವರೆ ಬ್ಲೈಂಡ್ ಹಿಡಿದು ಉಸಿರಾಡುತ್ತಿದ್ದರೆ, ನಿಮಗಿಂತ ದೊಡ್ಡ ಗುಡ್ಡೆಯವನ ಆಲ್‌ಇನ್‌ಗೆ ಎಕ್ಕ–ಗುಲಾಮ ಹಿಡಿದು ಹೋಗುವುದು ದಡ್ಡತನ. ಆ ಬಡಪಾಯಿ ಮೊದಲು ಏಳಲಿ.

ಕೊನೆಗೆ ಇಬ್ಬರೇ ಉಳಿದಾಗ ಬಟನ್ ಇರುವವನೇ ಸ್ಮಾಲ್ ಬ್ಲೈಂಡ್ ಕಟ್ಟಬೇಕು. ಫ್ಲಾಪ್‌ಗೆ ಮುಂಚೆ ಅವನೇ ಮೊದಲು ಆಡಬೇಕು, ಫ್ಲಾಪ್ ಆದಮೇಲೆ ಎದುರಿನವನು. ಇದಕ್ಕೇ ಜಗಳವಾಗುವುದು ಜಾಸ್ತಿ, ಆಟ ಶುರುವಾಗುವ ಮೊದಲೇ ಎಲ್ಲರಿಗೂ ಹೇಳಿಬಿಡಿ.