ಕಾರೇ ಸ್ಟೇಷನ್: ವಿಎಚ್‌ಎಫ್ ಕಾಂಟೆಸ್ಟ್‌ನಲ್ಲಿ ರೋವರ್ ಆಗಿ ನನ್ನ ಅನುಭವ

ವಿಎಚ್‌ಎಫ್ ಕಾಂಟೆಸ್ಟ್ ಅಂದರೆ ಹ್ಯಾಮ್ ರೇಡಿಯೋ ಹವ್ಯಾಸಿಗಳ ಪಂದ್ಯ. 144, 432 ಮೆಗಾಹರ್ಟ್ಸ್‌ನಂಥ ಬ್ಯಾಂಡ್‌ಗಳಲ್ಲಿ ಆದಷ್ಟು ಸ್ಟೇಷನ್‌ಗಳ ಜೊತೆ ಮಾತಾಡಬೇಕು. ಆ ಒಂದೊಂದು ಮಾತುಕತೆಯೇ ಕಾಂಟ್ಯಾಕ್ಟ್, ಕಾರಿನಲ್ಲಿ ಜಾಗ ಬದಲಿಸುತ್ತಾ ಆಡುವವನೇ ರೋವರ್. ಮೊದಲ ಸಲ ಕಾರಿನಿಂದ ಆಡಿದಾಗ ಬೆಳಗ್ಗಿನಿಂದ ಸಂಜೆವರೆಗೆ ಸಿಕ್ಕಿದ್ದು 11 ಕಾಂಟ್ಯಾಕ್ಟ್. ಪವರ್ ಸಾಲಲಿಲ್ಲ ಅಂದುಕೊಂಡೆ. 50 ವಾಟ್ ಇದ್ದದ್ದನ್ನು ಆಂಪ್ಲಿಫೈಯರ್ ಹಾಕಿ 150 ಮಾಡಿಕೊಂಡೆ. ಎರಡನೇ ಕಾಂಟೆಸ್ಟ್‌ನಲ್ಲಿ ಇನ್ನೊಂದು ತಮಾಷೆ. ‘ನಿನ್ನನ್ನು ಅಷ್ಟು ಹೊತ್ತು ಕರೆದೆವು, ನೀನು ತಿರುಗಿ ನೋಡಲೇ ಇಲ್ಲ’ ಅಂತ ಆಮೇಲೆ ಇಬ್ಬರು ಹೇಳಿದರು. ನನ್ನ ಗಂಟಲು ದೊಡ್ಡದಾಗಿತ್ತು, ಕಿವಿ ಹಾಗೇ ಇತ್ತು.

ಹೊಸಬರಿಗೆ ಆಟದ ಲೆಕ್ಕ ಹೇಳಿಬಿಡುತ್ತೇನೆ. ಭೂಪಟವನ್ನು 2 ಡಿಗ್ರಿ ರೇಖಾಂಶ, 1 ಡಿಗ್ರಿ ಅಕ್ಷಾಂಶದ ಚೌಕಗಳಾಗಿ ಕೊಯ್ದಿದ್ದಾರೆ. ಅದೇ ಗ್ರಿಡ್. ಮನೆಯಲ್ಲಿ ಕೂತವರಿಗೆ ಒಂದೇ ಗ್ರಿಡ್. ರೋವರ್ ಗೆರೆ ದಾಟಿ ಇನ್ನೊಂದು ಗ್ರಿಡ್‌ಗೆ ಹೋದರೆ ಎಲ್ಲರಿಗೂ ಮತ್ತೆ ಹೊಸ ಸ್ಟೇಷನ್. ಆಗಲೇ ಮಾತಾಡಿದವರ ಜೊತೆಗೂ ಮತ್ತೆ ಪಾಯಿಂಟ್. ಅಮೆರಿಕದ ಹ್ಯಾಮ್ ಸಂಘ ಎಆರ್‌ಆರ್‌ಎಲ್ ನಡೆಸುವ ವಿಎಚ್‌ಎಫ್ ಕಾಂಟೆಸ್ಟ್‌ಗಳಲ್ಲಿ ರೋವರ್ ಎಷ್ಟು ಗ್ರಿಡ್‌ಗಳಿಂದ ಮಾತಾಡಿದ ಅನ್ನುವುದೂ ಸ್ಕೋರ್‌ಗೆ ಸೇರುತ್ತದೆ. ಎಲ್ಲ ಕಡೆ ಹೀಗಿಲ್ಲ. ಕೆಲವು ಕಾಂಟೆಸ್ಟ್‌ಗಳಲ್ಲಿ ಶುರುಮಾಡಿದ ಜಾಗ ಬಿಟ್ಟು ಕದಲುವಂತಿಲ್ಲ. ನಿಯಮ ಓದದೆ ಕಾರ್ ತೆಗೆಯಬೇಡಿ.

ಮೊದಲ ಸಲದ ತಪ್ಪು ಆಂಟೆನಾದ್ದು. ಚಾವಣಿ ಮೇಲೆ ಎಫ್‌ಎಂಗೆ (ಹತ್ತಿರದ ಮಾತಿಗೆ ಬಳಸುವ ವಿಧಾನ) ಹಾಕಿದ್ದ ಕಡ್ಡಿಯನ್ನೇ ಎಸ್‌ಎಸ್‌ಬಿಗೂ (ಕ್ಷೀಣ ಸಿಗ್ನಲ್‌ನಲ್ಲೂ ದೂರ ಮಾತಾಡುವ ವಿಧಾನ) ಬಳಸಿದ್ದೆ. ಅದು ನೆಟ್ಟಗೆ ನಿಂತಿತ್ತು. ಎಸ್‌ಎಸ್‌ಬಿಯಲ್ಲಿ ದೂರಕ್ಕೆ ಆಡುವವರ ಆಂಟೆನಾಗಳೆಲ್ಲ ಮಲಗಿರುತ್ತವೆ. ಹೀಗೆ ಅಡ್ಡ-ಉದ್ದ ಆದರೆ ಸುಮಾರು 20 ಡೆಸಿಬೆಲ್ ಹೋಗುತ್ತದೆ, ಅಂದರೆ ನೂರನೇ ಒಂದು ಪಾಲು ಮಾತ್ರ ಉಳಿಯುತ್ತದೆ. ನನ್ನ 50 ವಾಟ್ ಆ ಕಡೆಯವರಿಗೆ ಅರ್ಧ ವಾಟ್‌ನಲ್ಲಿ ಕಳಿಸಿದ ಹಾಗೆ ಕೇಳಿಸುತ್ತಿತ್ತು. ಈಗ ಓಡುವಾಗ ಚಾವಣಿ ಮೇಲೆ ಬಳೆಯ ಹಾಗಿರುವ ಹ್ಯಾಲೋ ಆಂಟೆನಾ. ನಿಂತಾಗ 3 ಮೀಟರ್ ಕಂಬದ ಮೇಲೆ ಎರಡು ಪುಟ್ಟ ಯಾಗಿ (ಒಂದೇ ದಿಕ್ಕಿಗೆ ಗುರಿಯಿಡುವ ಆಂಟೆನಾ), 144 ಮೆಗಾಹರ್ಟ್ಸ್‌ಗೆ 5 ಕಡ್ಡಿಯದ್ದು, 432ಕ್ಕೆ 9 ಕಡ್ಡಿಯದ್ದು. ಕಂಬದ ಬುಡದ ಹಲಗೆ ಟೈರ್ ಕೆಳಗೆ. ತಿರುಗಿಸಲು ಮೋಟರ್ ಇಲ್ಲ, ಕೈಯೇ ಸಾಕು.

ಎರಡನೇ ಸಲದ ತಪ್ಪು ಹುಡುಕಲು ಒಂದು ಭಾನುವಾರ ಪೂರ್ತಿ ಹೋಯಿತು. ಬಯಲಲ್ಲಿ ಕಾರ್ ನಿಲ್ಲಿಸಿದೆ. ಎಂಜಿನ್ ಓಡುವಾಗ ಎಸ್-ಮೀಟರ್ (ರೇಡಿಯೋಗೆ ಬರುವ ಸಿಗ್ನಲ್ಲೋ ಗದ್ದಲವೋ ಎಷ್ಟು ಜೋರು ಅಂತ ತೋರಿಸುವ ಮೀಟರ್) 5ರಲ್ಲಿ ಕೂತಿತ್ತು. ಆಫ್ ಮಾಡಿದೆ, 4ಕ್ಕೆ ಇಳಿಯಿತು. ಅಷ್ಟೇ ಅಲ್ವಾ ಅನಿಸಿತು. ಆಮೇಲೆ ಒಂದೊಂದೇ ವೈರ್ ಕೀಳುತ್ತಾ ಹೋದೆ. ಸಿಗರೇಟ್ ಸಾಕೆಟ್‌ನಲ್ಲಿದ್ದ ಫೋನ್ ಚಾರ್ಜರ್ ಕಿತ್ತ ತಕ್ಷಣ ಮುಳ್ಳು ಸೊನ್ನೆಗೆ ಬಿತ್ತು. ಹೆಬ್ಬೆರಳು ಗಾತ್ರದ ಆ ವಸ್ತು ಇಡೀ ಕಾಂಟೆಸ್ಟ್ ನುಂಗಿತ್ತು! ಈಗ ಫೋನ್‌ಗೆ ಪವರ್ ಬ್ಯಾಂಕ್, ರೇಡಿಯೋಗೆ ಬೇರೆ ಲಿಥಿಯಂ ಬ್ಯಾಟರಿ. ನಿಂತ ಮೇಲೆ ಎಂಜಿನ್ ಬಂದ್.

ವೈರ್ ವಿಷಯದಲ್ಲಿ ಜಿಪುಣತನ ಬೇಡ. ರೇಡಿಯೋ 20 ಆಂಪಿಯರ್ ಎಳೆಯುವಾಗ 2.5 ಚದರ ಮಿಲಿಮೀಟರ್ ವೈರ್ ಹೋಗಿ ಬರಲು 10 ಮೀಟರ್ ಇದ್ದರೆ ಸುಮಾರು 1.4 ವೋಲ್ಟ್ ದಾರಿಯಲ್ಲೇ ಕರಗುತ್ತದೆ. ದನಿ ಒಡೆಯುತ್ತದೆ, ರೇಡಿಯೋ ಮಾತಿನ ಮಧ್ಯೆಯೇ ಆಫ್ ಆಗಬಹುದು. ರೇಡಿಯೋದಿಂದ ಆಂಟೆನಾಗೆ ಹೋಗುವ ಕೇಬಲ್, ಅಂದರೆ ಕೋಆಕ್ಸ್ ಕತೆಯೂ ಅದೇ. ತೆಳ್ಳಗಿನ ಆರ್‌ಜಿ-58 ಕೇಬಲ್ 5 ಮೀಟರ್ ಇದ್ದರೂ 432ರಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಪವರ್ ತಿಂದುಬಿಡುತ್ತದೆ.

ಇಷ್ಟಾದ ಮೇಲೂ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಜಾಗದ ಬಗ್ಗೆ. ನಾಲ್ಕು ಗ್ರಿಡ್ ಸೇರುವ ಮೂಲೆ ನಕ್ಷೆಯಲ್ಲಿ ಆಸೆ ಹುಟ್ಟಿಸುತ್ತದೆ. ನಾಲ್ಕು ಹೆಜ್ಜೆಗೆ ನಾಲ್ಕು ಗ್ರಿಡ್! ಹೋಗಿ ನೋಡಿದರೆ ಅದು ಹಳ್ಳದಲ್ಲಿರುತ್ತದೆ. ಅದಕ್ಕೇ ಮೂಲೆ ಬಿಟ್ಟು ಗೆರೆಯ ಆಚೆ ಈಚೆ ಇರುವ ಗುಡ್ಡ ಹುಡುಕುತ್ತೇನೆ. ಸುತ್ತಲಿನ ನೆಲಕ್ಕಿಂತ ಎಷ್ಟು ಮೀಟರ್ ಎತ್ತರವೋ ಅದರ ವರ್ಗಮೂಲವನ್ನು 4.1ರಿಂದ ಗುಣಿಸಿದರೆ ರೇಡಿಯೋ ದಿಗಂತ (ಅಲೆ ನೇರವಾಗಿ ತಲುಪುವ ಗಡಿ) ಎಷ್ಟು ಕಿಲೋಮೀಟರ್ ಅಂತ ಸಿಗುತ್ತದೆ. 100 ಮೀಟರ್‌ಗೆ 41, 400 ಮೀಟರ್‌ಗೆ 82. ಎತ್ತರ ನಾಲ್ಕು ಪಟ್ಟಾದರೂ ದಿಗಂತ ಎರಡೇ ಪಟ್ಟು. ಮಾತು ದಿಗಂತ ದಾಟಿಯೂ ಹೋಗುತ್ತದೆ, ಆದರೆ ಒಂದು ತಾಸು ಸುತ್ತಿ ದೊಡ್ಡ ಬೆಟ್ಟ ಹತ್ತುವುದಕ್ಕಿಂತ ರಸ್ತೆ ಪಕ್ಕದ ಸಾಧಾರಣ ದಿಣ್ಣೆಯೇ ನನಗೆ ಲಾಭ. ದೊಡ್ಡ ಬೆಟ್ಟದ ತುದಿಯಲ್ಲಿ ಟವರ್‌ಗಳೂ ಇರುತ್ತವೆ. ಅವುಗಳ ಅಬ್ಬರಕ್ಕೆ ರಿಸೀವರ್ ಕಿವುಡಾಗುತ್ತದೆ.

ಜಾಗ ಅಂದರೆ ಗುಡ್ಡ ಮಾತ್ರ ಅಲ್ಲ. ಒಂದು ಸಲ 432ರಲ್ಲಿ ಯಾರೋ ಪಿಸುಗುಟ್ಟುತ್ತಿದ್ದರು. ಕಾಲ್‌ಸೈನ್‌ನ (ಸ್ಟೇಷನ್‌ನ ಗುರುತಿನ ಹೆಸರು) ಕೊನೆಯ ಅಕ್ಷರ ಏನು ಮಾಡಿದರೂ ಸಿಗಲಿಲ್ಲ. ಕಂಬ ಎತ್ತಿರಲಿಲ್ಲ, ಚಾವಣಿ ಆಂಟೆನಾದಲ್ಲೇ ಇದ್ದೆ. ರಸ್ತೆ ಸ್ವಲ್ಪ ಇಳಿಜಾರು. ಹ್ಯಾಂಡ್‌ಬ್ರೇಕ್ ಸಡಿಲ ಮಾಡಿ ಕಾರನ್ನು ಒಂದು ಮೊಳ ಹಿಂದಕ್ಕೆ ಬಿಟ್ಟೆ, ಅಷ್ಟೇ. ಪಕ್ಕದ ಸೀಟಿನಲ್ಲಿ ಕೂತು ಮಾತಾಡಿದ ಹಾಗೆ ಕೇಳಿಸಿತು. ನೇರ ಬಂದ ಅಲೆ, ಬಂಡೆಗೋ ಬೇಲಿಗೋ ಬಡಿದು ಬಂದ ಅಲೆ ಎರಡೂ ಕಲೆತು ಕೆಲವು ಕಡೆ ಒಂದನ್ನೊಂದು ಅಳಿಸುತ್ತವೆ, ಕೆಲವು ಕಡೆ ಸೇರಿ ಬೆಳೆಯುತ್ತವೆ. 432ರಲ್ಲಿ ಅಲೆಯ ಉದ್ದ 70 ಸೆಂಟಿಮೀಟರ್. ಹಾಗಾಗಿ ಒಂದು ಮೊಳದೊಳಗೆ ಹಣೆಬರಹ ಬದಲಾಗಬಹುದು. ಈಗ ಇದು ಅಭ್ಯಾಸವಾಗಿಬಿಟ್ಟಿದೆ. ನೋಡುವವರಿಗೆ ಪಾರ್ಕಿಂಗ್ ಬಾರದವನ ಹಾಗೆ ಕಾಣುತ್ತೇನೆ.

ಕಂಪ್ಯೂಟರ್ ಮೂಲಕ ಚುಟುಕು ಸಂದೇಶ ಕಳಿಸುವ ಎಫ್‌ಟಿ8 ವಿಧಾನದ ಬಗ್ಗೆ ಎಲ್ಲರೂ ಕೇಳುತ್ತಾರೆ. ಕಿವಿಗೆ ಕೇಳದ ಸಿಗ್ನಲ್ ಅದರಲ್ಲಿ ಸಿಗುತ್ತದೆ, ನಿಜ. ಆದರೆ 15 ಸೆಕೆಂಡಿನ ಸರದಿಯಲ್ಲಿ ಒಂದು ಕಾಂಟ್ಯಾಕ್ಟ್‌ಗೆ ಸುಮಾರು ಒಂದು ನಿಮಿಷವಾದರೂ ಬೇಕು. ಒಂದು ಜಾಗದಲ್ಲಿ ನಾನು ನಿಲ್ಲುವುದೇ 40 ನಿಮಿಷ. ಮಾತಿನಲ್ಲಾದರೆ ಗ್ರಿಡ್ ಕೊಟ್ಟು ಪಡೆದು ಹತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ. ‘ಹಾಗೇ 432ಕ್ಕೂ ಬನ್ನಿ’ ಅಂತ ಕರೆಯಲೂಬಹುದು. ಕಾಂಟ್ಯಾಕ್ಟ್ ಬರೆದಿಡುವ ನನ್ನ ಲಾಗ್‌ನಲ್ಲಿರುವ 432ರ ಕಾಂಟ್ಯಾಕ್ಟ್‌ಗಳೆಲ್ಲ ಹೆಚ್ಚುಕಡಿಮೆ ಹೀಗೆ ಕೈಹಿಡಿದು ಕರೆದುಕೊಂಡು ಹೋದವೇ.

ಲಾಗ್‌ನಲ್ಲೂ ಎಡವಿದ್ದೇನೆ. ಗೆರೆ ದಾಟಿದ ಮೇಲೂ ಹಳೇ ಗ್ರಿಡ್ ಹೇಳುತ್ತಾ ಹೋದೆ. ಆರು ಜನರನ್ನು ಮತ್ತೆ ಹುಡುಕಿ ತಪ್ಪಾಯಿತು ಅನ್ನಬೇಕಾಯಿತು. ಈಗ ಗ್ರಿಡ್ ಬರೆದ ಚೀಟಿ ಸ್ಟೇರಿಂಗ್ ಮೇಲೇ ಅಂಟಿರುತ್ತದೆ. ಓಡಿಸುವಾಗ ಮೈಕ್ ಮುಟ್ಟುವುದಿಲ್ಲ. ಜೊತೆಗೆ ಡ್ರೈವರ್ ಇದ್ದರೆ ಮಾತ್ರ ದಾರಿಯಲ್ಲಿ ಸಿಕ್ಯೂ, ಅಂದರೆ ‘ಯಾರಾದರೂ ಇದ್ದೀರಾ’ ಅನ್ನುವ ಕರೆ.

ಹೊರಡುವ ಮುಂಚೆ ಕಾರಿನ ಸುತ್ತ ಒಂದು ಸುತ್ತು ಬರುತ್ತೇನೆ. ಕಂಬ ಇಳಿದಿದೆಯಾ, ಹಲಗೆ ತೆಗೆದೆನಾ, ಬಾಗಿಲಿಗೆ ಕೇಬಲ್ ಸಿಕ್ಕಿದೆಯಾ ಅಂತ. ಹೋದ ಸಲ ಎಲ್ಲ ನೋಡಿಕೊಂಡೇ ಹೊರಟಿದ್ದೆ. ಮುಂದಿನ ಗ್ರಿಡ್‌ನಲ್ಲಿ ಇಳಿದರೆ 10ನೇ ನಂಬರ್ ಸ್ಪ್ಯಾನರ್ ಚಾವಣಿ ಮೇಲೆ ಹಾಯಾಗಿ ಮಲಗಿತ್ತು.